ಬಿಚ್ಚದ ತೊಟ್ಟಿಲು

ಲೇಥ್ ನನ್ನನ್ನು ಮೊದಲ ಸಲ ಹೊಡೆದದ್ದು ಹಣೆಗೆ. ಜಾಲಿ ಕಟ್ಟಿಗೆಯ ತುಂಡೊಂದನ್ನು ಕಟ್ಟಿಗೆ ತಿರುಗಿಸಿ ಕಡೆಯುವ ಆ ಮಷೀನಿನ ಎರಡು ಮೊನೆಗಳ ನಡುವೆ ಬಿಗಿದು, ಲಟ್ಟಣಿಗೆ ಮಾಡುವ ಹುಮ್ಮಸ್ಸಿನಲ್ಲಿ ಉಳಿ ಒತ್ತಿದೆ. ಉಳಿಯ ಮೂಲೆ ಗಕ್ಕನೆ ಕಟ್ಟಿಗೆಯೊಳಗೆ ಕಚ್ಚಿಕೊಂಡಿತು. ತುಂಡು ಹಾರಿ ಬಂದು ನನ್ನ ಹುಬ್ಬಿಗೆ ಬಡಿದು, ಅಲ್ಲಿಂದ ಮೇಲಕ್ಕೆ ಚಿಮ್ಮಿ ಟ್ಯೂಬ್‌ಲೈಟ್ ಒಡೆದು, ಗಾಜಿನ ಜೊತೆಗೇ ಮತ್ತೆ ನನ್ನ ತಲೆಯ ಮೇಲೆ ಬಿತ್ತು. ನಾನು ಅಳಲಿಲ್ಲ. ಮಷೀನಿನ ಕಾಲಿಗೆ ಜಾಡಿಸಿ ಒದ್ದೆ. ಅದು ಎರಕದ ಕಬ್ಬಿಣ. ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿ, ಕೊನೆಗೆ ಉದುರಿಯೇ ಹೋಯಿತು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ವಿಮಾ ಕಚೇರಿಯಲ್ಲಿದ್ದಾಗ ಜನ ನನ್ನ ಟೇಬಲ್ಲಿಗೆ ಬರುವ ಮೊದಲು ದೂರದಿಂದ ಮುಖ ನೋಡಿ, ಕೆಲಸ ಇವತ್ತು ಕೇಳುವುದೋ ನಾಳೆಯೋ ಎಂದು ನಿರ್ಧರಿಸುತ್ತಿದ್ದರು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಆ ಸಿಟ್ಟೆಲ್ಲ ತಮ್ಮೊಬ್ಬರ ತಲೆಗೇ ಕಟ್ಟಿಟ್ಟದ್ದು ಎಂದು ಹೆದರಿದರೋ ಏನೋ, ನಮ್ಮನೆಯವರೇ ಭೋಸರಿಯಿಂದ ಈ ಲೇಥ್ ತಂದುಕೊಟ್ಟರು. ಯಾರ್ಯಾರೋ ಕಟ್ಟಿಗೆ ಕಡೆದು ಬಟ್ಟಲು ಮಾಡುವುದನ್ನು ನಾನು ಮೊಬೈಲಿನಲ್ಲಿ ಬಾಯಿ ಬಿಟ್ಟುಕೊಂಡು ನೋಡುವುದು ಅವರ ಕಣ್ಣಿಗೆ ಬಿದ್ದಿತ್ತು. ಎರಕದ ಅಚ್ಚಿಗೆ ಕಟ್ಟಿಗೆಯ ಮಾದರಿ ಮಾಡುವ ಚಿಕ್ಕ ಕಾರ್ಖಾನೆಯೊಂದು ಮುಚ್ಚಿದಾಗ ಅದನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದು, ಹಡಪಸರದ ನಮ್ಮ ಹಳೆಯ ರೋ ಹೌಸಿನ ಹಿತ್ತಲಿಗೆ ತಗಡಿನ ಪತ್ರಾ ಶೆಡ್ಡು ಹೊದಿಸಿ, ಒಳಗೆ ನಿಲ್ಲಿಸಿದರು.

ಅವರು ಕೆಲಸ ಮಾಡಿದ್ದೆಲ್ಲ ಭೋಸರಿಯಲ್ಲೇ, ಕಬ್ಬಿಣ ಕಡೆಯುವ ಲೇಥ್‌ಗಳ ನಡುವೆ. ಹಾಗಾಗಿ ಕಟ್ಟಿಗೆಯ ಲೇಥ್ ಎಂದರೆ ಮಕ್ಕಳಾಟ ಎಂದುಕೊಂಡಿದ್ದರು. ಒಂದು ದಿನ ನನಗೆ ತೋರಿಸಿಕೊಡಲು ಹೋಗಿ ತಾವೇ ಅಂಗೈ ಸೀಳಿಕೊಂಡರು. ಆಮೇಲೆ ಅವರು ಕೊಟ್ಟ ಸಲಹೆ ಒಂದೇ. ಹಳೆಯ ಕಟ್ಟಿಗೆಯಾದರೆ ಉಳಿ ಮುಟ್ಟಿಸುವ ಮೊದಲು ಅದರ ಮೈಮೇಲೆಲ್ಲ ಮ್ಯಾಗ್ನೆಟ್ ಆಡಿಸಬೇಕು, ಒಳಗೆ ಮುರಿದ ಮೊಳೆ ಕೂತಿದ್ದರೆ ಗೊತ್ತಾಗುತ್ತದೆ ಎಂದರು. ನಾನು ತರುತ್ತಿದ್ದುದು ಹಳೆಯ ಕಟ್ಟಿಗೆಯೇ. ಪೇಠೆಗಳಲ್ಲಿ ವಾಡೆ ಎನ್ನುವ ಹಳೆಯ ತೊಟ್ಟಿಮನೆಗಳನ್ನು ಕೆಡವಿ ಎತ್ತರದ ಕಟ್ಟಡ ಏಳಿಸುವಾಗ ಹೊರಬೀಳುವ ಸಾಗವಾನಿ ತೊಲೆಗಳು. ಒಂದೊಂದರಲ್ಲೂ ಯಾವ ಕಾಲದ್ದೋ ಮೊಳೆಗಳು.

ಆ ಮಷೀನು ನನಗೆ ಯಾಕೆ ಹಿಡಿಸಿತೆಂದು ನೆರೆಯ ಮರಾಠಿ ಕಾಕು ಬಹಳ ಸಲ ಕೇಳಿದ್ದಾರೆ. ಮಧ್ಯಾಹ್ನದ ನಿದ್ದೆ ಹಾಳಾದವರಿಗೆ ಅದನ್ನು ಕೇಳುವ ಹಕ್ಕಿದೆ. ನಿಜ ಹೇಳಬೇಕೆಂದರೆ, ಅದು ತಿರುಗಿ ಹೊಡೆಯುತ್ತಿತ್ತು. ನನ್ನ ಸಿಟ್ಟಿಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದವರೇ. ಇದೊಂದು ಮಾತ್ರ ನಾನು ಒರಟಾಗಿ ಒತ್ತಿದರೆ ಒರಟಾಗಿಯೇ ಉತ್ತರ ಕೊಡುತ್ತಿತ್ತು. ಮೊಣಕೈಗೆ, ಗಲ್ಲಕ್ಕೆ, ಎದೆಗೆ ಬಡಿಸಿಕೊಂಡೇ ನಾನು ಉಳಿ ಹಿಡಿಯಲು ಕಲಿತೆ. ಮೈಮೇಲೆ ಒಂದಾದರೂ ನೀಲಿ ಗುರುತು ಇಲ್ಲದ ವಾರವಿರಲಿಲ್ಲ.

ಎರಡನೆಯ ವರ್ಷದ ಶ್ರಾವಣದಲ್ಲಿ ಅದು ನನ್ನ ಕುತ್ತಿಗೆಗೇ ಕೈ ಹಾಕಿತು. ಸೆರಗು ಸಿಕ್ಕೀತೆಂದು ನಾನು ಶೆಡ್ಡಿಗೆ ಹೋಗುವಾಗ ಸೀರೆ ಬಿಟ್ಟು ಹಳೆಯ ಪಂಜಾಬಿ ಡ್ರೆಸ್ ಹಾಕುತ್ತಿದ್ದೆ, ಓಢಣಿ ಒಳಗೇ ಬಿಡುತ್ತಿದ್ದೆ, ಬಳೆ ಉಂಗುರ ತೆಗೆದಿಡುತ್ತಿದ್ದೆ. ತಾಳಿಯ ವಿಚಾರ ಮಾತ್ರ ತಲೆಗೇ ಬಂದಿರಲಿಲ್ಲ. ಅದು ತೆಗೆಯಬಹುದಾದ ವಸ್ತು ಎಂದೇ ನನಗೆ ಹೊಳೆದಿರಲಿಲ್ಲ. ಬಟ್ಟಲಿನ ಒಳಮೈ ನೋಡಲು ಬಗ್ಗಿದೆ. ಕರಿಮಣಿ ಸರ ಅಂಗಿಯಿಂದ ಹೊರಗೆ ಜಾರಿ, ಕಟ್ಟಿಗೆಯನ್ನು ಹಿಡಿದು ತಿರುಗುವ ಕಬ್ಬಿಣದ ದವಡೆಗೆ ಸುತ್ತಿಕೊಂಡಿತು. ನನ್ನ ತಲೆ ನನ್ನದಲ್ಲ ಎನ್ನುವಂತೆ ಕೆಳಗೆ ಹೋಯಿತು. ಮೂಗು ಉಳಿ ಊರುವ ಪಟ್ಟಿಗೆ ಅಪ್ಪಳಿಸಿತು. ಕಣ್ಣಿನ ಎದುರಿಗೇ ಬಟ್ಟಲು ಗಿರ್ರೆಂದು ತಿರುಗುತ್ತಿತ್ತು. ಅದರ ಗಾಳಿ ರೆಪ್ಪೆಗೆ ತಾಗುತ್ತಿದ್ದುದು ನನಗೆ ಈಗಲೂ ನೆನಪಿದೆ.

ಪುಣ್ಯಕ್ಕೆ ನನ್ನ ಸರವನ್ನು ದಾರದಲ್ಲಿ ಪೋಣಿಸಿದ್ದರು. ದಾರ ಹರಿಯಿತು. ಇಲ್ಲಿನ ರೂಢಿಯಂತೆ ಬಂಗಾರದ ಚೈನಿಗೆ ಕೂರಿಸಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಕರಿಮಣಿಗಳು ಶೆಡ್ಡಿನ ಪತ್ರಾಕ್ಕೆ ಆಲಿಕಲ್ಲಿನ ಹಾಗೆ ಬಡಿದವು. ನಾನು ಸ್ವಿಚ್ಚು ಆರಿಸಿ, ಮೂಗಿನಿಂದ ರಕ್ತ ಸೋರುತ್ತಿರುವಾಗಲೇ, ಕೂತು ಕರಿಮಣಿ ಆರಿಸತೊಡಗಿದೆ. ಹಾಗೆ ಯಾಕೆ ಮಾಡಿದೆನೋ ತಿಳಿಯದು.

ಹರಿಯುವ ಮೊದಲು ಆ ದಾರ ನನ್ನ ಹಿಂಗತ್ತನ್ನು ಕೊಯ್ದಿತ್ತು. ಮುಂದೆ ಗಂಟಲ ಮೇಲೆ ಏನೂ ಇಲ್ಲ. ಹಿಂದೆ ಮಾತ್ರ, ಕೂದಲು ಮುಗಿಯುವಲ್ಲಿ, ನಡುವೆ ಆಳವಾಗಿ ಎರಡೂ ಬದಿಗೆ ತೆಳುವಾಗುತ್ತ ಹೋಗುವ ಒಂದು ಕೆಂಪು ಗೆರೆ. ಎರಡು ಕನ್ನಡಿ ಹಿಡಿದು ಅದನ್ನು ದಿನಾ ನೋಡಿಕೊಳ್ಳುತ್ತಿದ್ದೆ. ಮೊದಲು ಕೆಂಪಗಿತ್ತು, ಆಮೇಲೆ ಕಂದಾಯಿತು, ಕೊನೆಗೆ ಬಿಳಿಚಿಕೊಂಡು ಅಲ್ಲೇ ನಿಂತಿತು. ನಮ್ಮನೆಯವರು ಶೆಡ್ಡಿನ ಸ್ವಿಚ್ ಬೋರ್ಡಿನ ಪಕ್ಕ ಒಂದು ಮೊಳೆ ಹೊಡೆದುಕೊಟ್ಟರು. ಅಂದಿನಿಂದ ಕೆಲಸಕ್ಕೆ ನಿಲ್ಲುವ ಮೊದಲು ತಾಳಿ ತೆಗೆದು ಆ ಮೊಳೆಗೆ ಹಾಕುತ್ತೇನೆ. ವಿಷಯ ಧಾರವಾಡದಲ್ಲಿರುವ ಅವರ ಅಕ್ಕನ ಕಿವಿಗೆ ಬಿದ್ದು ಫೋನಿನಲ್ಲಿ ದೊಡ್ಡ ರಾಮಾಯಣವೇ ಆಯಿತು. ತಾಳಿ ಮೊಳೆಗೆ ಇರಲಿ, ಕುತ್ತಿಗೆ ಭುಜದ ಮೇಲಿರಲಿ ಎಂದು ಹೇಳಿ ನಾನು ಫೋನಿಟ್ಟೆ.

ಆ ದೀಪಾವಳಿಯ ನಂತರ ಮಗಳು ಏಳನೆಯ ತಿಂಗಳ ಕುಬಸಕ್ಕೆ ಬಂದಳು. ಒಬ್ಬಳೇ ಮಗಳು, ಮೊದಲ ಬಸಿರು. ಖರಾಡಿಯಲ್ಲಿ ಗಂಡನ ಮನೆ. ಅಳಿಯನ ಕಡೆಯವರು ಬೆಳಗಾವಿಯವರು, ಖರಾಡಿಯಲ್ಲೇ ಒಂದು ಐಟಿ ಕಂಪನಿಯಲ್ಲಿ ಅವನಿಗೆ ಒಳ್ಳೆಯ ಕೆಲಸ. ನನ್ನ ಎದುರು ಅವನು ದನಿ ಏರಿಸಿ ಮಾತಾಡಿದವನಲ್ಲ. ಬಂದಾಗೊಮ್ಮೆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದ, ಶೆಡ್ಡಿಗೆ ಬಂದು ನಾನು ಮಾಡಿದ ಬಟ್ಟಲುಗಳನ್ನು ತಿರುಗಿಸಿ ನೋಡಿ, ಭಾಳ ಛಲೋ ಮಾಡೀರಿ ಎನ್ನುತ್ತಿದ್ದ. ಮದುವೆಯಲ್ಲಿ ಎಲ್ಲರೂ ನನಗೆ, ನಿನ್ನಂಥ ಅತ್ತೆಗೆ ಇಂಥ ಸಮಾಧಾನದ ಅಳಿಯ ಸಿಕ್ಕಿದ್ದು ದೇವರ ಲೆಕ್ಕ ಎಂದಿದ್ದರು. ನಾನೂ ನಕ್ಕಿದ್ದೆ.

ಹೆರಿಗೆ ತವರಿನಲ್ಲಿ, ತೊಟ್ಟಿಲೂ ತವರಿನದು. ನಮ್ಮ ಕಡೆ ಚೆಂದದ ತೊಟ್ಟಿಲು ಎಂದರೆ ಕಲಘಟಗಿಯದೇ. ಕಡೆದ ಕಂಬಗಳು, ಅರಗಿನ ಬಣ್ಣ. ನಮ್ಮ ಅವ್ವನ ಮನೆಯಲ್ಲಿದ್ದ ಒಂದು ತೊಟ್ಟಿಲು ಯಾರ ಮನೆಯಲ್ಲಿ ಬಾಣಂತನವೋ ಅಲ್ಲಿಗೆ ಹೋಗಿಬರುತ್ತಿತ್ತು. ಬೆಣೆಗಳನ್ನು ಬಡಿದು ಕಳಚಿ, ಹಳೆಯ ಧೋತರದಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದರು. ಅದಕ್ಕೆ ಅಂಟು ಹಾಕುವ ಪದ್ಧತಿಯೇ ಇಲ್ಲ. ತವರಿನಲ್ಲಿ ಕಟ್ಟಿ, ಮಗುವಿಗೆ ಐದು ತಿಂಗಳಾದಾಗ ಬಿಚ್ಚಿ, ತಾಯಿ ಮಗುವಿನ ಜೊತೆ ಗಂಡನ ಮನೆಗೆ ಕಳಿಸಿ, ಅಲ್ಲಿ ಮತ್ತೆ ಕಟ್ಟುವುದು. ಬಿಚ್ಚಲು ಬಾರದ ತೊಟ್ಟಿಲು ತೊಟ್ಟಿಲೇ ಅಲ್ಲ. ಅವ್ವನ ಮನೆಯದು ಯಾವುದೋ ಅಟ್ಟದಲ್ಲಿ ಗೆದ್ದಲಿಗೆ ಹೋದದ್ದರಿಂದ, ಈ ಸಲ ನಾನೇ ಮಾಡುತ್ತೇನೆಂದು ಪಣ ತೊಟ್ಟೆ. ಮಗು ಹುಟ್ಟುವ ಮೊದಲು ತೊಟ್ಟಿಲು ಮಾಡಬಾರದು ಎನ್ನುತ್ತಾರೆ. ಕೇಳಿದವರಿಗೆಲ್ಲ ಕುರ್ಚಿಯ ಕಾಲು ಕಡೆಯುತ್ತಿದ್ದೇನೆ ಎಂದು ಸುಳ್ಳು ಹೇಳಿದೆ.

ಕುಬಸ ಮುಗಿದು ಅಳಿಯ ಖರಾಡಿಗೆ ಮರಳಿದ ಮೇಲಿನ ಶುಕ್ರವಾರ ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಲು ಕೂರಿಸಿದೆ. ಬಚ್ಚಲಿನ ಮಣೆಯ ಮೇಲೆ ಹೊಟ್ಟೆ ಹಿಡಿದು ಕೂತಿದ್ದಳು. ಕೂದಲನ್ನು ಎತ್ತಿ ಮುಂದಕ್ಕೆ ಹಾಕಿದೆ. ಹಿಂಗತ್ತಿನ ಮೇಲೆ ಒಂದು ಗೆರೆ. ನಡುವೆ ಆಳ, ಎರಡೂ ಬದಿಗೆ ತೆಳು. ಅವಳದು ಬಂಗಾರದ ಚೈನು, ಹಾಗಾಗಿ ಗೆರೆಯಲ್ಲಿ ಕೊಂಡಿಗಳ ಸಾಲು ಸಾಲು ಚುಕ್ಕಿಗಳೂ ಇದ್ದವು. ಬಣ್ಣ ಕಂದಕ್ಕೆ ತಿರುಗಿತ್ತು. ಆ ಬಣ್ಣ ಯಾವಾಗ ಬರುತ್ತದೆಂದು ನನ್ನ ಕುತ್ತಿಗೆಗೆ ಗೊತ್ತಿತ್ತು. ಕುಬಸಕ್ಕೆ ಬರುವ ಸ್ವಲ್ಪ ದಿನ ಮೊದಲಿನದು.

ಇದೇನು ಎಂದು ಕೇಳಿದೆ. ಲಿಫ್ಟಿನ ಬಾಗಿಲಲ್ಲಿ ಚೈನು ಸಿಕ್ಕಿತ್ತು ಎಂದಳು.

“ಬಾಗಲದಾಗ ಸಿಕ್ಕರ ಹಿಂಗ ಆಗಂಗಿಲ್ಲ,” ಎಂದೆ. “ಮುಂದಿಂದ ಹಿಡದ ಕೆಳಗ ಜಗ್ಗಿದರ ಇಷ್ಟ ಹಿಂಗ ಆಗತದ. ನಂದ ನೋಡಿಲ್ಲೆ.”

ಅವಳ ಮುಂದೆ ಬೆನ್ನು ತಿರುಗಿಸಿ ಕೂತು ನನ್ನ ತುರುಬು ಎತ್ತಿ ಹಿಡಿದೆ. ಆಮೇಲೆ ಅವಳ ಎಣ್ಣೆಯ ಬೆರಳು ನನ್ನ ಗೆರೆಯ ಮೇಲೆ ಈ ಕಿವಿಯಿಂದ ಆ ಕಿವಿಯತನಕ ಮೆಲ್ಲಗೆ ಹೋಯಿತು. ಅಲ್ಲಿಗೆ ತಲುಪಿದ ಮೇಲೆ ಹೇಳಿದಳು. ಬಿಲ್ಡಿಂಗಿನ ಕೆಳಗೆ ಕಾರು ನಿಲ್ಲಿಸುವಾಗ ಕಂಬಕ್ಕೆ ತಾಗಿ ಬಾಗಿಲು ಗೀರಿತ್ತಂತೆ. ಗೀರು ಎಷ್ಟು ಉದ್ದವಾಗಿದೆ ನೋಡು ಎಂದು ಅವನು ತಾಳಿ ಹಿಡಿದು ಅವಳ ಮುಖವನ್ನು ಕಾರಿನ ಬಾಗಿಲಿನತನಕ ಬಗ್ಗಿಸಿದನಂತೆ. ಏಳು ತಿಂಗಳ ಬಸುರಿಯನ್ನು. ಅದಕ್ಕೂ ಹಿಂದೆ ನಡೆದದ್ದು ಇನ್ನೂ ಇತ್ತು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಅದು ಅವಳದು.

ನನಗೆ ಅವನನ್ನು ಕೊಲ್ಲಬೇಕೆನಿಸಿತು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ದೊಡ್ಡ ಉಳಿಯನ್ನು ಓಢಣಿಯಲ್ಲಿ ಸುತ್ತಿಕೊಂಡು ರಿಕ್ಷಾ ಹತ್ತುವುದು, ಖರಾಡಿಯಲ್ಲಿ ಇಳಿಯುವುದು, ಬಾಗಿಲು ಬಡಿಯುವುದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಮಗಳು ನನ್ನನ್ನು ಬಲ್ಲವಳು. ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, ಅಪ್ಪನಿಗೂ ಹೇಳುವುದಿಲ್ಲ, ಅವನನ್ನೂ ಕೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡಳು. ಒಳಗೆ ಮಗು ಒದೆಯುತ್ತಿತ್ತು. ನಾನು ಹೂಂ ಎಂದೆ.

ಅವಳಿಗೆ ನೀರು ಹಾಕಿ, ತಲೆ ಒರೆಸಿ, ಧೂಪ ಹಾಕಿ ಮಲಗಿಸಿ, ನಾನು ಶೆಡ್ಡಿಗೆ ಹೋದೆ. ತೊಟ್ಟಿಲಿನ ಮೂರನೆಯ ಕಂಬಕ್ಕೆ ತಂದಿಟ್ಟ ಸಾಗವಾನಿಯನ್ನು ಏರಿಸಿದೆ. ಮ್ಯಾಗ್ನೆಟ್ ಆಡಿಸಲಿಲ್ಲ. ವೇಗ ತಗ್ಗಿಸಲಿಲ್ಲ. ನಾನು ಕಡೆಯುತ್ತಿದ್ದುದು ಕಂಬವನ್ನಲ್ಲ, ಅವನ ಮೋರೆಯನ್ನು. ಉಳಿ ಒತ್ತಿದಷ್ಟೂ ಕಟ್ಟಿಗೆಯ ಸುರುಳಿಗಳು ಮುಖಕ್ಕೆ ರಾಚುತ್ತಿದ್ದವು, ನಾನು ಬಾಯಿಗೆ ಬಂದದ್ದು ಬೈಯುತ್ತಿದ್ದೆ, ಮಷೀನಿನ ಗದ್ದಲದಲ್ಲಿ ನನಗೇ ಕೇಳುತ್ತಿರಲಿಲ್ಲ. ಆಗ ಉಳಿ ಕಟ್ಟಿಗೆಯೊಳಗಿನ ಮೊಳೆಗೆ ಹೋಗಿ ಬಡಿಯಿತು. ಕಂಬ ಉದ್ದಕ್ಕೆ ಸೀಳಿ ಎರಡಾಯಿತು. ಒಂದು ಹೋಳು ಪತ್ರಾ ಹರಿದುಕೊಂಡು ಕಾಕುವಿನ ಕಂಪೌಂಡಿಗೆ ಬಿತ್ತು, ಇನ್ನೊಂದು ನನ್ನ ಎಡಗೆನ್ನೆಗೆ.

ದವಾಖಾನೆಯಲ್ಲಿ ಕೆನ್ನೆಯ ಮೂಳೆ ಬಿರುಕು ಬಿಟ್ಟಿದೆ ಎಂದರು. ಕಣ್ಣು ಮುಚ್ಚಿಹೋಗಿತ್ತು, ತುಟಿ ಹರಿದು ಹೊಲಿಗೆ ಬಿದ್ದಿತ್ತು. ನರ್ಸಮ್ಮ ನಮ್ಮನೆಯವರನ್ನು ಹೊರಗೆ ಕಳಿಸಿ, ಪರದೆ ಎಳೆದು, ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು, ಗಂಡ ಹೊಡೆದನೇ, ಹೆದರದೆ ಹೇಳಿರಿ, ಪೊಲೀಸರಿಗೆ ನಾವೇ ತಿಳಿಸುತ್ತೇವೆ. ಲೇಥ್ ಎಂದೆ. ಎಲ್ಲರೂ ಹೀಗೇ ಏನಾದರೊಂದು ಹೇಳುತ್ತಾರೆ ಎಂದಳು. ಹೊರಗೆ ಬಂದರೆ ಬೆಂಚಿನ ಮೇಲಿನ ಹೆಂಗಸರೆಲ್ಲ ನಮ್ಮನೆಯವರನ್ನು ದುರುಗುಟ್ಟಿ ನೋಡುತ್ತಿದ್ದರು. ಮದುವೆಯಾದಾಗಿನಿಂದ ನನ್ನ ಮೇಲೆ ದನಿಯನ್ನೂ ಎತ್ತದ ಮನುಷ್ಯ, ಕೈಯಲ್ಲಿ ನನ್ನ ಚಪ್ಪಲಿ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದರು. ಅವರ ಕಡೆಗೆ ಏಳುವ ಕಣ್ಣುಗಳಲ್ಲಿ ಒಂದಾದರೂ ಆ ಖರಾಡಿಯವನ ಕಡೆಗೆ ಎಂದಾದರೂ ಎದ್ದಿತ್ತೇ? ಕಾಲು ಮುಟ್ಟಿಸಿಕೊಂಡು ಹರಸಿದ್ದೆವು.

ರಿಕ್ಷಾದಲ್ಲಿ ಆಣೆ ಮುರಿದೆ. ಹೊಲಿಗೆ ಹಾಕಿದ ತುಟಿಯಲ್ಲಿ ಎಷ್ಟು ಆಗುತ್ತದೋ ಅಷ್ಟು ಹೇಳಿದೆ. ಅವರು ರಿಕ್ಷಾದ ಕಂಬಿ ಹಿಡಿದುಕೊಂಡಿದ್ದರು. ಮನೆ ಬಂದರೂ ಆ ಕೈ ಬಿಡಲಿಲ್ಲ. ರಿಕ್ಷಾದವನೇ, ಕಾಕಾ, ಇಳಿಯಿರಿ ಎಂದ.

ಮಗಳ ಪಟ್ಟು ಒಂದೇ ಆಗಿತ್ತು. ಬಾಣಂತನ ಮುಗಿದ ಮೇಲೆ ತಿರುಗಿ ಹೋಗುತ್ತೇನೆ, ಮಗು ಬಂದ ಮೇಲೆ ಅವರು ಬದಲಾಗುತ್ತಾರೆ. ಅಪ್ಪ ಹೇಳಿ ನೋಡಿದರು, ಕೇಳಲಿಲ್ಲ. ಧಾರವಾಡದ ಸೋದರತ್ತೆ, ಗಂಡಹೆಂಡಿರ ನಡುವೆ ಬಾಯಿ ಹಾಕಬಾರದು ಎಂದು ಅವಳಿಗೇ ಬೆಂಬಲ ಕೊಟ್ಟರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಅಡುಗೆಮನೆಯಲ್ಲಿ, ನೀ ಅಲ್ಲಿಗೆ ಹ್ಯಾಂಗ ಹೋಗ್ತೀ ನಾನೂ ನೋಡ್ತೀನಿ ಎಂದು ಚೀರಿದೆ. ಅವಳ ಎರಡೂ ಭುಜಗಳು ತಟ್ಟನೆ ಕಿವಿಯತನಕ ಏರಿದವು. ಕಣ್ಣು ಮುಚ್ಚಿಕೊಂಡಳು. ಅದು ನನ್ನ ಮಗಳು ಹೆದರುವ ರೀತಿ ಅಲ್ಲ. ಅವಳು ಚಿಕ್ಕಂದಿನಿಂದ ನನಗೆ ಎದುರು ವಾದಿಸುತ್ತಲೇ ಬೆಳೆದವಳು. ಇದನ್ನು ಅವಳು ಬೇರೆ ಕಡೆ ಕಲಿತು ಬಂದಿದ್ದಳು. ನಾನು ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಹೋಗಿ ನಿಂತೆ. ಚೀರಿ ಅವಳನ್ನು ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ ಎಂದು ಅರ್ಥವಾಯಿತು. ಅಪ್ಪಣೆ ಕೊಡುವುದಾದರೆ ಅವನಿಗೂ ನನಗೂ ಏನು ವ್ಯತ್ಯಾಸ? ಹೋಗುವುದೋ ಇರುವುದೋ ಅವಳೇ ಹೇಳಬೇಕಿತ್ತು. ಅಲ್ಲಿಯತನಕ ತುಟಿ ಕಚ್ಚಿಕೊಂಡು ಇರುವುದು ನನ್ನನ್ನು ಕೆನ್ನೆಯ ಮೂಳೆಗಿಂತ ಹೆಚ್ಚು ನೋಯಿಸಿತು.

ಹೆಣ್ಣು ಮಗು ಹುಟ್ಟಿತು. ಹೆಸರಿಡುವ ಮುಂಚಿನ ದಿನ ತೊಟ್ಟಿಲನ್ನು ನಡುಮನೆಯಲ್ಲಿ ಜೋಡಿಸಲು ಕೂತೆ. ನಾಲ್ಕು ಕಂಬಗಳು, ಅಡ್ಡಪಟ್ಟಿಗಳು, ತೊಟ್ಟಿಲನ್ನು ತೂಗುಹಾಕುವ ಅಗಲದ ಚೌಕಟ್ಟು. ಒಂದೊಂದು ಕಂಬಕ್ಕೂ ಒಂದೊಂದು ಗಾಯ ಕೊಟ್ಟಿದ್ದೆ, ತೆಗೆದುಕೊಂಡಿದ್ದೆ. ಬೆಣೆಗಳೆಲ್ಲ ಸಿದ್ಧವಾಗಿದ್ದವು, ಬಡಿದರೆ ಕೂರಬೇಕು, ಹಿಂದಿನಿಂದ ಬಡಿದರೆ ಬಿಡಬೇಕು, ಹಾಗೆ ಅಳತೆ ಮಾಡಿದ್ದೆ. ಮೊದಲ ಬೆಣೆ ಕೈಗೆತ್ತಿಕೊಂಡೆ. ಐದು ತಿಂಗಳ ಮೇಲೆ ಇದನ್ನು ಬಡಿದು ಬಿಚ್ಚುವ ಕೈ ಯಾವುದೆಂದು ಕಣ್ಣ ಮುಂದೆ ಬಂತು. ಎದ್ದು ಹೋಗಿ ಶೆಡ್ಡಿನಿಂದ ಅಂಟಿನ ಡಬ್ಬಿ ತಂದೆ. ಪ್ರತಿಯೊಂದು ತೂತಿಗೂ ಅಂಟು ಸುರಿದು, ಕಂಬ ಕೂರಿಸಿ, ಬೆಣೆ ಹೊಡೆದು, ಹೊರಗೆ ಉಳಿದ ತುದಿಯನ್ನು ಗರಗಸದಿಂದ ಸಮಕ್ಕೆ ಕೊಯ್ದೆ.

ಅರ್ಧ ಕೆಲಸದಲ್ಲಿರುವಾಗ ನಮ್ಮನೆಯವರು ಬಂದು ನಿಂತರು. ಅಂಟಿನ ಡಬ್ಬಿ ನೋಡಿದರು, ನನ್ನ ಮುಖ ನೋಡಿದರು. ಜೇಬಿನಿಂದ ಅಳತೆ ಟೇಪು ತೆಗೆದು ಮೊದಲು ಚೌಕಟ್ಟನ್ನು ಅಳೆದರು, ಆಮೇಲೆ ಹೋಗಿ ಬಾಗಿಲನ್ನು ಅಳೆದರು.

“ಬಾಗಲಾ ಸಣ್ಣದ ಅದ,” ಎಂದರು. ಟೇಪನ್ನು ಜೇಬಿಗೆ ಹಾಕಿಕೊಂಡು ನನ್ನ ಎದುರು ಕುಕ್ಕರಗಾಲಲ್ಲಿ ಕೂತರು. “ಆ ಮೂಲ್ಯಾಗ ಇನ್ನಷ್ಟ ಅಂಟು ಹಾಕು.”

ಐದು ತಿಂಗಳು ಕಳೆದವು. ಅಳಿಯ ರವಿವಾರಕ್ಕೊಮ್ಮೆ ಬರುತ್ತಿದ್ದ, ಮಗುವನ್ನು ಎತ್ತಿಕೊಳ್ಳುತ್ತಿದ್ದ, ನನ್ನ ಕಾಲು ಮುಟ್ಟುತ್ತಿದ್ದ. ನಾನು ಕಾಲು ಹಿಂದೆಗೆದುಕೊಂಡರೂ ಮಗಳ ಮುಖ ನೋಡಿ ಸುಮ್ಮನಿರುತ್ತಿದ್ದೆ. ಒಳ್ಳೆಯ ದಿನ ನೋಡಿ ಕರೆದೊಯ್ಯಲು ಬಂದರು. ಅವನು, ಬೆಳಗಾವಿಯಿಂದ ಬಂದ ಅವನ ತಾಯಿ, ತೊಟ್ಟಿಲಿಗೆಂದು ಒಂದು ಟೆಂಪೋ. ಬೀಗತಿ ತೀರ ಮಿತಭಾಷಿ, ನೆತ್ತಿಯ ಮೇಲಿನ ಸೆರಗು ಜಾರಲು ಬಿಡದವರು. ತಂದೆ ಇಲ್ಲದ ಮಗನನ್ನು ಒಬ್ಬರೇ ಬೆಳೆಸಿದವರು. ಮಗಳ ಎರಡು ಬ್ಯಾಗು ಬಾಗಿಲ ಹತ್ತಿರ ನಿಂತಿದ್ದವು. ಊಟವಾಯಿತು. ಉಡಿ ತುಂಬುವುದೊಂದು ಉಳಿದಿತ್ತು.

ಅಷ್ಟರಲ್ಲಿ ತೊಟ್ಟಿಲು ಬಿಚ್ಚಿಬಿಡೋಣ ಎಂದು ಅಳಿಯ ಕಟ್ಟಿಗೆಯ ಕೊಡತಿ ಕೇಳಿದ. ಕೊಟ್ಟೆ. ಒಂದು ಕಂಬದ ಬುಡಕ್ಕೆ ಮೆಲ್ಲಗೆ ಬಡಿದ. ಇನ್ನೊಂದು ಕಡೆ ಬಡಿದ. ಬೆಣೆಯ ತುದಿ ಹುಡುಕಿದ, ಸಿಗಲಿಲ್ಲ. ನಗುತ್ತಲೇ, ಅತ್ತಿಯವರ, ಇದು ಎಲ್ಲಿಂದ ಬಿಚ್ಚತದ್ರಿ ಎಂದ. ಬಿಚ್ಚುವುದಿಲ್ಲ, ಅಂಟು ಹಾಕಿದ್ದೇನೆ ಎಂದೆ. ಹಾಗೇ ಎತ್ತಿ ಒಯ್ಯೋಣ ಎಂದು ಟೆಂಪೋದವನನ್ನು ಕರೆದ. ಚೌಕಟ್ಟು ಬಾಗಿಲಿಗೆ ಅಡ್ಡ ಸಿಕ್ಕಿತು, ಓರೆ ಮಾಡಿದರೂ ಸಿಕ್ಕಿತು. ಟೆಂಪೋದವನು ಮರಾಠಿಯಲ್ಲಿ, ಮನೆ ಕಟ್ಟುವ ಮೊದಲೇ ತೊಟ್ಟಿಲು ಇಟ್ಟಿದ್ದಿರೇನು ಎಂದು ತಮಾಷೆ ಮಾಡಿದ. ಅಳಿಯನ ಕಿವಿ ಕೆಂಪಾಯಿತು. ಪರರ ಎದುರು ನಗೆಪಾಟಲಾಗುವುದು ಅವನಿಗೆ ಆಗಿಬರುವುದಿಲ್ಲ ಎಂದು ಮಗಳು ಹೇಳಿದ್ದಳು. ಅವನು ನನ್ನನ್ನು ಕೇಳದೆ ಶೆಡ್ಡಿಗೆ ಹೋಗಿ ಕಬ್ಬಿಣದ ಸುತ್ತಿಗೆ ತಂದ.

ಮೊದಲ ಏಟಿಗೆ ಅರಗಿನ ಬಣ್ಣ ಸಿಡಿಯಿತು. ಎರಡನೆಯದಕ್ಕೆ ಕಂಬದಲ್ಲಿ ಗುಳಿ ಬಿತ್ತು. ಮೂರನೆಯದರಿಂದ ಅವನು ಕೀಲಿಗೆ ಹೊಡೆಯುವುದನ್ನು ಬಿಟ್ಟು, ಸಿಕ್ಕ ಸಿಕ್ಕಲ್ಲಿ ಹೊಡೆಯತೊಡಗಿದ. ಹಳೆಯ ಸಾಗವಾನಿ, ನಡುಗಿತೇ ಹೊರತು ಬಿಡಲಿಲ್ಲ. ಬಿಡದಷ್ಟೂ ಅವನು ಹಲ್ಲು ಕಚ್ಚುತ್ತಿದ್ದ, ಹಣೆಯ ನರ ಉಬ್ಬುತ್ತಿತ್ತು. ಅಷ್ಟು ದಿನ ಮಗಳ ಬಾಯಿಂದ ಕೇಳಿದ ಮುಖ ನನ್ನ ನಡುಮನೆಯಲ್ಲಿ ನಿಂತಿತ್ತು. ಮಗು ಚೀರಿ ಅಳುತ್ತಿತ್ತು. ಟೆಂಪೋದವನು ಹಿಂದೆ ಹಿಂದೆ ಸರಿದು ಓಣಿಗೆ ಇಳಿದ. ಆಗ ಅಳಿಯ ಸುತ್ತಿಗೆ ಎತ್ತಿ ಹಿಡಿದೇ ಮಗಳ ಕಡೆಗೆ ತಿರುಗಿದ.

“ನಿನಗ ಗೊತ್ತಿತ್ತಿಲ್ಲ?” ಎಂದ. “ನಿಮ್ಮವ್ವ ಅಂಟು ಹಾಕೋದು ನಿನಗ ಗೊತ್ತಿತ್ತು.”

ಮಗಳ ಭುಜ ಮೇಲೇರಿತು. ಆದರೆ ಆ ಹೊತ್ತಿನಲ್ಲಿ ನಾವೆಲ್ಲ ನೋಡಿದ್ದು ಅವಳನ್ನಲ್ಲ. ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಬೀಗತಿಯ ಮೊಣಕೈ ತಾನಾಗೇ ಮುಖಕ್ಕೆ ಅಡ್ಡ ಬಂದಿತ್ತು. ಮುಖ ಗೋಡೆಗೆ ತಿರುಗಿತ್ತು, ಮೈ ಕುರ್ಚಿಯಲ್ಲೇ ಮುದುಡಿ ಸಣ್ಣದಾಗಿತ್ತು. ಅವರಿಗೆ ಯಾರೂ ಏನೂ ಮಾಡಿರಲಿಲ್ಲ, ಅವನು ಅವರ ಕಡೆ ನೋಡಿಯೂ ಇರಲಿಲ್ಲ. ಕೆಳಗೆ ಜಾರಿದ್ದ ಸೆರಗನ್ನು ಅವರು ಬೇಗಬೇಗನೆ ಮೇಲೆಳೆದುಕೊಂಡರು, ಅದಕ್ಕೇ ಕೈ ಎತ್ತಿದ್ದೆ ಎನ್ನುವ ಹಾಗೆ.

ಮಗಳು ಮಗುವನ್ನು ಎದೆಗೆ ಅವಚಿಕೊಂಡು ಅವರನ್ನೇ ನೋಡುತ್ತಿದ್ದಳು.

“ನಿಮಗೂನ್ರಿ?” ಎಂದಳು.

ಬೀಗತಿ ನೆಲದ ಫರಸಿ ನೋಡುತ್ತ ಕೂತರು. ಇಲ್ಲ ಎನ್ನಲಿಲ್ಲ. ಹೆತ್ತ ತಾಯಿಯ ಮೇಲೆ ಕೈ ಎತ್ತಿದವನು ಹೆತ್ತ ಮಗಳು ಬಂದಳೆಂದು ಬದಲಾಗುತ್ತಾನೆಯೇ ಎಂದು ನಾನು ಕೇಳಬೇಕಾಗಿರಲಿಲ್ಲ. ದೊಡ್ಡ ಉಳಿ ನನ್ನ ಕೈಯಲ್ಲಿತ್ತು. ಯಾವಾಗ ಹೋಗಿ ತಂದೆನೋ ನನಗೆ ನೆನಪಿಲ್ಲ. ಹಲ್ಲು ಕಚ್ಚಿ, ಇದ್ದಲ್ಲೇ ನಿಂತೆ. ನಮ್ಮನೆಯವರು ನಡೆದು ಹೋಗಿ, ಭೋಸರಿಯಲ್ಲಿ ಕೆಲಸ ಕೆಡಿಸಿದವರ ಕೈಯಿಂದ ತೆಗೆದುಕೊಳ್ಳುತ್ತಿದ್ದಂತೆ, ಅವನ ಕೈಯಿಂದ ಸುತ್ತಿಗೆಯನ್ನು ತೆಗೆದುಕೊಳ್ಳಲು ಕೈ ಹಾಕಿದರು. ಅವನು ಬಿಡಲಿಲ್ಲ. ಇವರು ಅವನ ಮಣಿಕಟ್ಟು ತಿರುವಿದರು. ಅವನು ನೋವಿಗೆ ಕೂಗಿ ಸುತ್ತಿಗೆ ಬಿಟ್ಟ. ಅಷ್ಟು ಬಲ ಆ ಮನುಷ್ಯನಲ್ಲಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

“ತೊಟ್ಲಾ ಬಿಚ್ಚಂಗಿಲ್ಲ,” ಎಂದಳು ಮಗಳು. ಅವಳ ಭುಜ ಕೆಳಗಿಳಿದಿತ್ತು. “ಅದ ಇಲ್ಲೇ ಇರತದ. ನಾನೂ ನನ್ನ ಕೂಸೂ ಇಲ್ಲೇ ಇರತೀವಿ. ನೀವ ಹೋಗ್ರಿ.”

ಅವನು ಹೋದ. ಹೋಗುವಾಗ ಒಂದು ಬ್ಯಾಗನ್ನು ಒದ್ದು, ಗೇಟು ಬಡಿದು, ಕೋರ್ಟು ಕಚೇರಿ ತೋರಿಸುತ್ತೇನೆ ಎಂದು ಓಣಿಗೆಲ್ಲ ಕೇಳುವ ಹಾಗೆ ಒದರಿ ಹೋದ. ಅದೆಲ್ಲ ಆಮೇಲೆ ನಡೆಯಿತು, ಇನ್ನೂ ನಡೆಯುತ್ತಿದೆ. ಬೀಗತಿ ಕೊನೆಗೆ ಎದ್ದರು. ತೊಟ್ಟಿಲಿನ ಹತ್ತಿರ ನಿಂತು ಗುಳಿಬಿದ್ದ ಕಂಬವನ್ನು ಅಂಗೈಯಿಂದ ಸವರಿದರು. ಇಲ್ಲೇ ಇರಿ ಎಂದು ನಾನು ಹೇಳಿದೆ, ನನಗೆ ಬರುವಷ್ಟು ಮೆತ್ತಗೆ ಹೇಳಿದೆ. ಅವರು ಕೈ ಮುಗಿದು, ಟೆಂಪೋದ ಮುಂದಿನ ಸೀಟಿನಲ್ಲಿ ಹೋಗಿ ಕೂತರು.

ಗುಳಿಗಳನ್ನು ನಾನು ತುಂಬಿಸಲಿಲ್ಲ, ಬಣ್ಣವನ್ನೂ ಹಚ್ಚಲಿಲ್ಲ. ಮೊಮ್ಮಗಳು ಈಗ ಆ ಕಂಬ ಹಿಡಿದುಕೊಂಡೇ ಎದ್ದು ನಿಲ್ಲುತ್ತಾಳೆ. ಅವಳ ಬೆರಳಿಗೆ ಹಿಡಿತ ಸಿಗುವುದು ಆ ಗುಳಿಗಳಲ್ಲೇ.

ಆ ಘಟನೆಯ ಮರುದಿನ ನಾನು ಶೆಡ್ಡಿಗೆ ಹೋಗಿ, ಎಂದಿನಂತೆ ತಾಳಿ ತೆಗೆದು ಮೊಳೆಗೆ ಹಾಕಲು ಕೈ ಎತ್ತಿದೆ. ಅಲ್ಲಿ ಆಗಲೇ ಬಂಗಾರದ ಚೈನೊಂದು ತೂಗುತ್ತಿತ್ತು. ನನ್ನದನ್ನು ಅದರ ಪಕ್ಕಕ್ಕೆ ಹಾಕಿ ಮಷೀನು ಶುರು ಮಾಡಿದೆ. ಈಗಲೂ ದಿನಾ ಸಂಜೆ ಕೆಲಸ ಮುಗಿಸಿ ಕೈ ಒರೆಸಿಕೊಂಡು ನಾನು ನನ್ನದನ್ನು ತೆಗೆದು ಕೊರಳಿಗೆ ಹಾಕಿಕೊಳ್ಳುತ್ತೇನೆ. ಮಗಳದು ಅಲ್ಲೇ ಇದೆ, ಕಟ್ಟಿಗೆ ಹೊಟ್ಟಿನ ಧೂಳು ಕೂತು ಮಾಸಿದೆ.